ಹಾಡು, ಹೆಸರು, ಹಾರ್ಡ್‌ಡಿಸ್ಕ್

1982ರ ಅಕ್ಟೋಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್‌ಗಳಲ್ಲಿ ಹಾಡುಗಳಿದ್ದವು, ಹಾಡುಗಳ ಹೆಸರುಗಳಿರಲಿಲ್ಲ. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಕೂಡಿ ರೂಪಿಸಿದ ಆ ತಟ್ಟೆಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡಲಾಗುತ್ತಿತ್ತು. ಯಾವ ಹಾಡು ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡಿಗೆ ಶುರುವಾಗುತ್ತದೆ ಎಂಬ ಲೆಕ್ಕವೂ ಅಲ್ಲಿರುತ್ತಿತ್ತು. ಹಾಡಿದವರು ಯಾರು, ರಾಗ ಹಾಕಿದವರು ಯಾರು, ಬರೆದವರು ಯಾರು ಎಂದು ತಿಳಿಯಲು ಡಬ್ಬಿಯೊಳಗಿನ ಮುದ್ರಿತ ಹಾಳೆಯನ್ನೇ ತೆರೆಯಬೇಕಿತ್ತು. ತಟ್ಟೆಯನ್ನು ಪ್ಲೇಯರಿಗೆ ಹಾಕಿ ಕೇಳುವಷ್ಟು ಕಾಲ ಇದೊಂದು ಕೊರತೆ ಎಂದು ಯಾರಿಗೂ ಅನಿಸಲಿಲ್ಲ. ಹಾಡು ತಟ್ಟೆಯನ್ನು ಬಿಟ್ಟು ಕಂಪ್ಯೂಟರಿಗೆ ಬಂದಾಗ ಹಾಳೆ ಡಬ್ಬಿಯಲ್ಲೇ ಉಳಿಯಿತು. ಮನೆಯ ಕಂಪ್ಯೂಟರಿನಲ್ಲಿ ಸಂಗೀತ ಕೂಡಿಟ್ಟವರ ಚರಿತ್ರೆ ಬಹುಮಟ್ಟಿಗೆ ಆ ಹಾಳೆಯನ್ನು ಮತ್ತೆ ಹಾಡಿನ ಜೊತೆ ಸೇರಿಸಲು ಪಟ್ಟ ಪಾಡಿನ ಚರಿತ್ರೆ.

ಶುರುವಿನಲ್ಲಿ ಎದುರಾದದ್ದು ಜಾಗದ ಅಭಾವ. ಸಿಡಿಯ ಧ್ವನಿಯನ್ನು ಹಾಗೆಯೇ ಇಟ್ಟುಕೊಂಡರೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ಬೇಕು. 1990ರ ದಶಕದ ಆರಂಭದಲ್ಲಿ ಮನೆಗಳಲ್ಲಿದ್ದ ಕಂಪ್ಯೂಟರುಗಳ ಹಾರ್ಡ್‌ಡಿಸ್ಕ್ ಇದ್ದದ್ದೇ ಕೆಲವು ನೂರು ಮೆಗಾಬೈಟ್. ಅದನ್ನು ಪೂರ್ತಿ ಖಾಲಿ ಮಾಡಿದರೂ ಒಂದು ಸಿಡಿ ಹಿಡಿಸುವುದು ಕಷ್ಟವಾಗಿತ್ತು. ಇದಕ್ಕೆ ದಾರಿ ಸಿಕ್ಕಿದ್ದು ಜರ್ಮನಿಯ ಎರ್ಲಾಂಗೆನ್‌ನಲ್ಲಿ. ಅಲ್ಲಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಝ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಮನುಷ್ಯನ ಕಿವಿಯ ಮಿತಿಯನ್ನೇ ಆಧಾರ ಮಾಡಿಕೊಂಡರು. ಜೋರಾದ ಒಂದು ಸ್ವರದ ಪಕ್ಕದಲ್ಲೇ ಇರುವ ಮೆಲುಸ್ವರ ಕಿವಿಗೆ ಬೀಳುವುದಿಲ್ಲ. ಬೀಳದ್ದನ್ನು ಬರೆದಿಡುವ ಅಗತ್ಯವೂ ಇಲ್ಲ. ಸುಝಾನ್ ವೇಗಾ ಪಕ್ಕವಾದ್ಯವಿಲ್ಲದೆ ಹಾಡಿದ ‘ಟಾಮ್ಸ್ ಡೈನರ್’ ಅವರ ಪರೀಕ್ಷೆಯ ಹಾಡಾಯಿತು, ಏಕೆಂದರೆ ಒಂಟಿ ದನಿಯಲ್ಲಿ ಆಗುವ ಸಣ್ಣ ಊನವೂ ಥಟ್ಟನೆ ತಿಳಿಯುತ್ತದೆ. 1992ರಲ್ಲಿ ಅಂತಿಮಗೊಂಡ ಎಂಪೆಗ್-1 ಮಾನಕದ ಭಾಗವಾಗಿದ್ದ ಈ ವಿಧಾನಕ್ಕೆ 1995ರ ಜುಲೈ 14ರಂದು ‘ಎಂಪಿ3’ ಎಂಬ ಕಡತದ ಹೆಸರು ನಿಶ್ಚಯವಾಯಿತು. ಸೆಕೆಂಡಿಗೆ 128 ಕಿಲೋಬಿಟ್ ದರದಲ್ಲಿ ಹಾಡು ಮೂಲದ ಹನ್ನೊಂದನೆಯ ಒಂದು ಭಾಗಕ್ಕೆ ಇಳಿಯುತ್ತಿತ್ತು.

ಎಂಪಿ3 ಕಡತದಲ್ಲೂ ಹೆಸರಿಗೆ ಜಾಗ ಇರಲಿಲ್ಲ. ಮಾನಕ ಮಾಡಿದವರಿಗೆ ಬೇಕಾಗಿದ್ದದ್ದು ಧ್ವನಿ, ಗ್ರಂಥಾಲಯವಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬ ತಂತ್ರಾಂಶಕಾರ ಕಡತದ ಬಾಲಕ್ಕೆ 128 ಬೈಟ್‌ಗಳ ಒಂದು ಚೀಟಿ ಅಂಟಿಸುವ ಉಪಾಯ ಮಾಡಿದ. ಐಡಿ3 ಎಂದು ಹೆಸರಾದ ಈ ಚೀಟಿಯಲ್ಲಿ ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ ಒಂದು ಬೈಟ್. ಇಲ್ಲಿ ಚೀಟಿಯಿದೆ ಎಂದು ಸಾರುವ ಗುರುತಿಗೆ ಉಳಿದ ಮೂರು. ಹಾಡು ಆಲ್ಬಮ್ಮಿನಲ್ಲಿ ಎಷ್ಟನೆಯದು ಎಂದು ಬರೆಯುವುದೇ ಮರೆತುಹೋಗಿತ್ತು. ಮುಂದಿನ ವರ್ಷ ಮಿಖಾಯೆಲ್ ಮುಟ್ಷ್ಲರ್ ಟಿಪ್ಪಣಿಯ ಕೊನೆಯ ಎರಡು ಬೈಟ್ ಕಿತ್ತುಕೊಂಡು ಕ್ರಮಸಂಖ್ಯೆಗೆ ಎಡೆ ಮಾಡಿಕೊಟ್ಟ. ಪ್ರಕಾರಗಳ ಪಟ್ಟಿಯಲ್ಲಿ ಮೊದಲಿಗೆ ಇದ್ದವು 80 ಹೆಸರುಗಳು. ಡೆತ್ ಮೆಟಲ್ ಇತ್ತು, ಆಸಿಡ್ ಜಾಝ್ ಇತ್ತು; ಹಿಂದೂಸ್ತಾನಿ ಇಲ್ಲ, ಕರ್ನಾಟಕ ಸಂಗೀತವಿಲ್ಲ. ಜಾನಪದ ಎಂಬುದು ಕೂಡ ಆ ಎಂಬತ್ತರಲ್ಲಿ ಇರಲಿಲ್ಲ, ಆಮೇಲೆ ಸೇರಿತು. ಒಬ್ಬಿಬ್ಬರು ತಮ್ಮ ಅಭಿರುಚಿಗೆ ತಕ್ಕಂತೆ ಬರೆದ ಪಟ್ಟಿ ಜಗತ್ತಿನ ಕೋಟ್ಯಂತರ ಕಡತಗಳ ಮೇಲೆ ಮುದ್ರೆಯಾಗಿ ಕೂತದ್ದು ಈ ಚರಿತ್ರೆಯ ದೊಡ್ಡ ಆಕಸ್ಮಿಕಗಳಲ್ಲೊಂದು. 1998ರಲ್ಲಿ ಮಾರ್ಟಿನ್ ನಿಲ್ಸನ್ ಮತ್ತಿತರರು ತಂದ ಐಡಿ3ಯ ಎರಡನೆಯ ಆವೃತ್ತಿ ಕಡತದ ಮುಂಭಾಗಕ್ಕೆ ಸೇರಿತು. ಅಕ್ಷರಗಳ ಮಿತಿ ಹೋಯಿತು. ಗೀತರಚನೆ, ಸಂಗೀತ ಸಂಯೋಜನೆ, ಮುಖಪುಟದ ಚಿತ್ರಗಳಿಗೂ ಪ್ರತ್ಯೇಕ ಜಾಗ ಬಂತು.

ಚೀಟಿ ಸಿದ್ಧವಾಯಿತು, ಆದರೆ ಬರೆಯುವವರು ಯಾರು? ನೂರು ಸಿಡಿ ಇದ್ದ ಮನೆಯಲ್ಲಿ ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಬೆರಳಚ್ಚು ಮಾಡಬೇಕಿತ್ತು. ಇದಕ್ಕೆ ಪರಿಹಾರ ಎಂಪಿ3 ಜನಪ್ರಿಯವಾಗುವ ಮೊದಲೇ ಹುಟ್ಟಿತ್ತು. ಟಿ ಕಾನ್ ಎಂಬಾತ ಬರೆದ ಎಕ್ಸ್‌ಎಂಸಿಡಿ ಎಂಬ ಪ್ಲೇಯರ್, ತಟ್ಟೆಯ ಹಾಡುಗಳು ಆರಂಭವಾಗುವ ಹೊತ್ತುಗಳನ್ನು ಕೂಡಿಸಿ ಒಂದು ಗುರುತುಸಂಖ್ಯೆ ಮಾಡುತ್ತಿತ್ತು. ಒಬ್ಬ ಕೇಳುಗ ಒಮ್ಮೆ ಹೆಸರುಗಳನ್ನು ತುಂಬಿದರೆ, ಅದೇ ತಟ್ಟೆಯನ್ನು ಹಾಕಿದ ಇನ್ನೊಬ್ಬನಿಗೆ ಅವು ತಾವಾಗಿ ಸಿಗುತ್ತಿದ್ದವು. ಸ್ಟೀವ್ ಶರ್ಫ್ ಜೊತೆಗೂಡಿ ಕಟ್ಟಿದ ಈ ಕೋಶ ಸಿಡಿಡಿಬಿ ಎಂದು ಹೆಸರಾಯಿತು. ಅದನ್ನು ತುಂಬಿದವರು ಸಂಬಳ ಪಡೆಯದ ಸಾಮಾನ್ಯ ಕೇಳುಗರು. 1998ರಲ್ಲಿ ಕೋಶ ಒಂದು ಕಂಪನಿಯ ಪಾಲಾಗಿ, ಮುಂದೆ ಗ್ರೇಸ್‌ನೋಟ್ ಎಂಬ ಹೆಸರು ಪಡೆಯಿತು; ಬಳಕೆಗೆ ಪರವಾನಗಿಯ ಷರತ್ತುಗಳು ಬಂದವು. ತಾವು ಪುಕ್ಕಟೆಯಾಗಿ ಬರೆದದ್ದನ್ನು ತಮಗೇ ಷರತ್ತು ಹಾಕಿ ಕೊಡುತ್ತಿದ್ದಾರೆ ಎಂದು ಕೇಳುಗರು ಕೆರಳಿದರು, ಮತ್ತು ಅದು ನ್ಯಾಯವಾದ ಸಿಟ್ಟು. ಗ್ರೇಸ್‌ನೋಟ್ ಕಂಪನಿಯನ್ನು ಸೋನಿ 2008ರಲ್ಲಿ 26 ಕೋಟಿ ಡಾಲರಿಗೆ ಕೊಂಡಿತು. ಕೆರಳಿದವರ ನಡುವಿನಿಂದ ಫ್ರೀಡಿಬಿ ಎಂಬ ಮುಕ್ತ ಕೋಶ ಬಂತು. 2000ದಲ್ಲಿ ರಾಬರ್ಟ್ ಕೇ ಆರಂಭಿಸಿದ ಮ್ಯೂಸಿಕ್‌ಬ್ರೈನ್ಜ್ ಕೂಡ ಬಂತು. ಫ್ರೀಡಿಬಿ 2020ರಲ್ಲಿ ಮುಚ್ಚಿತು. ಮ್ಯೂಸಿಕ್‌ಬ್ರೈನ್ಜ್ ಲಾಭವಿಲ್ಲದ ಪ್ರತಿಷ್ಠಾನದ ಆಶ್ರಯದಲ್ಲಿ ಉಳಿದು, ತನ್ನ ಮೂಲ ಮಾಹಿತಿಯನ್ನು ಯಾರ ಹಕ್ಕೂ ಇಲ್ಲದ ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಟ್ಟಿತು.

1997ರ ಏಪ್ರಿಲಿನಲ್ಲಿ ಜಸ್ಟಿನ್ ಫ್ರಾಂಕೆಲ್ ಬಿಡುಗಡೆ ಮಾಡಿದ ವಿನ್‌ಆಂಪ್ ಎಂಬ ಪ್ಲೇಯರ್ ಎಂಪಿ3ಯನ್ನು ಮನೆಮಾತಾಗಿಸಿತು. ಆಗಿನ ಸಂಗ್ರಹಗಳೆಂದರೆ ಫೋಲ್ಡರುಗಳು. ಗಾಯಕರ ಹೆಸರಿನ ಫೋಲ್ಡರ್, ಅದರೊಳಗೆ ಆಲ್ಬಮ್, ಅದರೊಳಗೆ ಹಾಡು. ಕಂಪ್ಯೂಟರ್ 10ನ್ನು 2ಕ್ಕಿಂತ ಮುಂದೆ ಇಡುತ್ತಿದ್ದ ಕಾರಣ ಹಾಡುಗಳಿಗೆ 01, 02 ಎಂದು ಸೊನ್ನೆ ಸೇರಿಸುವ ರೂಢಿ ಬಂದದ್ದು ಈ ಕಾಲದಲ್ಲೇ. 1999ರಲ್ಲಿ ಬಂದ, ಕೇಳುಗರು ಪರಸ್ಪರ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಸೇವೆ ಹಾಡುಗಳನ್ನು ಕಡತದ ಹೆಸರಿನಿಂದಲೇ ಹುಡುಕುತ್ತಿತ್ತು. ಹಾಗಾಗಿ ಒಬ್ಬ ತಪ್ಪಾಗಿ ಬರೆದ ಗಾಯಕನ ಹೆಸರು ಸಾವಿರಾರು ಮನೆಗಳಿಗೆ ತಪ್ಪಾಗಿಯೇ ಹರಡಿತು. 2001ರಲ್ಲಿ ನ್ಯಾಪ್‌ಸ್ಟರ್ ನ್ಯಾಯಾಲಯದಲ್ಲಿ ಸೋತು ನಿಂತರೂ ಆ ತಪ್ಪು ಹೆಸರುಗಳು ನಿಲ್ಲಲಿಲ್ಲ.

ಭಾರತದಲ್ಲಿ ಈ ಹಂತ ಹೆಚ್ಚಾಗಿ ಎಂಪಿ3 ಸಿಡಿಗಳ ಮೂಲಕ ಬಂತು. 700 ಮೆಗಾಬೈಟಿನ ಒಂದು ತಟ್ಟೆಯಲ್ಲಿ 128 ಕಿಲೋಬಿಟ್ ದರದ ಹಾಡುಗಳು ಹನ್ನೊಂದು-ಹನ್ನೆರಡು ಗಂಟೆ ಹಿಡಿಸುತ್ತವೆ. ಐದು ನಿಮಿಷಕ್ಕೊಂದರಂತೆ ಸುಮಾರು 140 ಹಾಡು. ಹತ್ತು ಹದಿನೈದು ಕ್ಯಾಸೆಟ್ಟುಗಳ ಸಂಗೀತ ಒಂದೇ ತಟ್ಟೆಗೆ ಇಳಿಯಿತು. ಅಂಥ ತಟ್ಟೆಗಳಲ್ಲಿ ಬಹುಪಾಲಿಗೆ ಮಾಹಿತಿಯ ಹಾಳೆಯೇ ಇರುತ್ತಿರಲಿಲ್ಲ. ವಿಂಡೋಸ್‌ಗಾಗಿ ಬರೆದ ಸಿಡಿಗಳಲ್ಲಿ ಕಡತದ ಹೆಸರು 64 ಅಕ್ಷರಕ್ಕೆ ಮೊಟಕಾಗುತ್ತಿತ್ತು. ಕ್ಯಾಸೆಟ್ ಕಾಲದವರೆಗೆ ಒಳಹಾಳೆಯಲ್ಲಿ ಉಳಿದಿದ್ದ ಕವಿ, ವಾದ್ಯಗಾರರ ಹೆಸರುಗಳು ಈ ತಿರುವಿನಲ್ಲಿ ದೊಡ್ಡ ಪ್ರಮಾಣದಲ್ಲಿ ಕಳಚಿಹೋದವು.

2001ರ ಜನವರಿಯಲ್ಲಿ ಆಪಲ್ ಐಟ್ಯೂನ್ಸ್ ಹೊರತಂದಿತು. ಸೌಂಡ್‌ಜಾಮ್ ಎಂಬ ಬೇರೆ ತಂತ್ರಾಂಶವನ್ನು ಕೊಂಡು ಮಾರ್ಪಡಿಸಿದ ಇದು ಫೋಲ್ಡರುಗಳನ್ನು ಮರೆಗೆ ಸರಿಸಿ ಎಲ್ಲವನ್ನೂ ಒಂದು ಕೋಷ್ಟಕದಲ್ಲಿ ತೋರಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಘೋಷಣೆಯಾದ ಐಪಾಡ್‌ನ 5 ಗಿಗಾಬೈಟಿನಲ್ಲಿ ಸಾವಿರ ಹಾಡು. ಐಪಾಡ್‌ನಲ್ಲಿ ಹಾಡನ್ನು ಹುಡುಕುವುದು ಚೀಟಿಯ ಮೂಲಕವೇ. ಚೀಟಿ ಖಾಲಿಯಿದ್ದರೆ ಹಾಡು ಇದ್ದೂ ಇಲ್ಲದಂತೆ. ಚೀಟಿ ತಿದ್ದುವುದು ಒಂದು ಹವ್ಯಾಸವಾಗಿ ಬೆಳೆದದ್ದು ಇಲ್ಲಿಂದ. ಎಂಪಿ3ಟ್ಯಾಗ್, ಪೀಟರ್ ಪಾವ್ಲೋವ್‌ಸ್ಕಿಯ ಫೂಬಾರ್2000, ಮೀಡಿಯಾಮಂಕಿ ಮುಂತಾದವು ಸಾವಿರಾರು ಕಡತಗಳ ಹೆಸರನ್ನು ಒಂದೇ ಸಲ ತಿದ್ದುವ ಸಲಕರಣೆಗಳಾದವು. ಐಟ್ಯೂನ್ಸ್ ಮಾದರಿಯಲ್ಲಿ ಒಂದು ಅಪಾಯವೂ ಇತ್ತು. ಎಷ್ಟು ಸಲ ಕೇಳಿದ್ದು, ಎಷ್ಟು ನಕ್ಷತ್ರ ಕೊಟ್ಟದ್ದು ಎಂಬುದೆಲ್ಲ ಹಾಡಿನ ಕಡತದಲ್ಲಲ್ಲ, ತಂತ್ರಾಂಶದ ಸ್ವಂತ ಕೋಶದಲ್ಲಿ ಸೇರುತ್ತಿತ್ತು. ಬೇರೆ ತಂತ್ರಾಂಶಕ್ಕೆ ಹೋದವರಿಗೆ ವರ್ಷಗಟ್ಟಲೆ ಕೂಡಿಸಿದ ಆ ಗುರುತುಗಳು ಸುಲಭವಾಗಿ ಕೈಗೆ ಬರುತ್ತಿರಲಿಲ್ಲ.

ಈ ಎಲ್ಲ ಚೌಕಟ್ಟು ಪಾಶ್ಚಾತ್ಯ ಜನಪ್ರಿಯ ಸಂಗೀತದ ಅಳತೆಗೆ ಹೊಲಿದದ್ದು. ಒಬ್ಬ ಕಲಾವಿದ, ಅವನ ಆಲ್ಬಮ್, ಅದರಲ್ಲಿ ಹತ್ತು ಹಾಡು. ಕನ್ನಡ ಚಿತ್ರಗೀತೆಯನ್ನು ಇದರೊಳಗೆ ಕೂರಿಸಲು ಹೊರಟರೆ ಮೊದಲ ಹೆಜ್ಜೆಯಲ್ಲೇ ತೊಡಕು. ಆಲ್ಬಮ್ ಎಂದರೆ ಸಿನಿಮಾ ಎಂದು ಒಪ್ಪಬಹುದು, ಕಲಾವಿದ ಯಾರು? ಹಾಡಿದ ಪಿ.ಬಿ. ಶ್ರೀನಿವಾಸ್ ಅವರೇ, ಸಂಗೀತ ಕೊಟ್ಟ ರಾಜನ್-ನಾಗೇಂದ್ರ ಅವರೇ, ಬರೆದ ಚಿ. ಉದಯಶಂಕರ್ ಅವರೇ? ಗಾಯಕರ ಹೆಸರು ಬರೆದರೆ ಒಂದೇ ಚಿತ್ರದ ಹಾಡುಗಳು ನಾಲ್ಕಾರು ಕಡೆ ಚೆದುರುತ್ತಿದ್ದವು. ‘ಆಲ್ಬಮ್ ಕಲಾವಿದ’ ಎಂಬ ಇನ್ನೊಂದು ಖಾನೆ ಬಳಕೆಗೆ ಬಂದ ಮೇಲಷ್ಟೇ ಸಂಗೀತ ನಿರ್ದೇಶಕರನ್ನು ಅಲ್ಲಿಟ್ಟು, ಗಾಯಕರನ್ನು ಇಲ್ಲಿಟ್ಟು ಹಾಡುಗಳನ್ನು ಒಟ್ಟಿಗೆ ಕಟ್ಟಲು ಆಯಿತು. ಯುಗಳ ಗೀತೆಯ ಪಾಡು ಇನ್ನೂ ಕಷ್ಟ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಅವರ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಅಲ್ಪವಿರಾಮ ಹಾಕಿ ಬರೆದರೆ 33 ಸ್ಥಾನ ಬೇಕು. ಹಳೆಯ ಐಡಿ3ಯಲ್ಲಿದ್ದದ್ದು 30. ಜಾನಕಿಯವರ ಹೆಸರಿನ ಕೊನೆಯ ಮೂರು ಅಕ್ಷರ ಕತ್ತರಿಸಿಹೋಗುತ್ತಿದ್ದವು.

ಭಾವಗೀತೆ, ವಚನ, ದಾಸರ ಪದಗಳ ವಿಚಾರದಲ್ಲಿ ಕೊರತೆ ಇನ್ನೂ ಆಳವಾದದ್ದು. ಇಲ್ಲಿ ಪಠ್ಯ ಒಬ್ಬರದು, ರಾಗ ಇನ್ನೊಬ್ಬರದು, ಕಂಠ ಮತ್ತೊಬ್ಬರದು. ಒಂದೇ ಪದ ಹಲವು ರಾಗಗಳಲ್ಲಿ ಉಳಿದುಬಂದಿದೆ. ಪುರಂದರದಾಸರ ಪದವನ್ನು ಭೀಮಸೇನ ಜೋಶಿಯವರೂ ಹಾಡಿದ್ದಾರೆ, ಕರ್ನಾಟಕ ಸಂಗೀತದ ವಿದ್ವಾಂಸರೂ ಹಾಡಿದ್ದಾರೆ. ಬಸವಣ್ಣನ ವಚನಗಳನ್ನು ಮಲ್ಲಿಕಾರ್ಜುನ ಮನ್ಸೂರರಲ್ಲೂ ಕೇಳಬಹುದು, ಸುಗಮ ಸಂಗೀತದಲ್ಲೂ ಕೇಳಬಹುದು. ಇಲ್ಲಿ ಕೃತಿ ಬೇರೆ, ಅದರ ಧ್ವನಿಮುದ್ರಣ ಬೇರೆ, ಅದು ಹೊರಬಂದ ತಟ್ಟೆ ಅಥವಾ ಕ್ಯಾಸೆಟ್ ಬೇರೆ. ಐಡಿ3ಗೆ ಈ ಮೂರರ ಭೇದ ತಿಳಿಯದು. ಮ್ಯೂಸಿಕ್‌ಬ್ರೈನ್ಜ್ ಮೂರನ್ನೂ ಪ್ರತ್ಯೇಕ ದಾಖಲೆಗಳಾಗಿ ಇಟ್ಟು ನಡುವೆ ಸಂಬಂಧ ಹೆಣೆಯುತ್ತದೆ. ಭಾರತೀಯ ಸಂಗೀತದ ಮಟ್ಟಿಗೆ ಅದರ ಅತಿ ಮುಖ್ಯ ಗುಣ ಇದು. 2011ರಲ್ಲಿ ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಶಾವಿಯರ್ ಸೆರ್ರಾ ಅವರ ನೇತೃತ್ವದಲ್ಲಿ ಆರಂಭವಾದ ಕಾಂಪ್‌ಮ್ಯೂಸಿಕ್ ಸಂಶೋಧನಾ ಯೋಜನೆಯಲ್ಲಿ ಹಿಂದೂಸ್ತಾನಿ ಮತ್ತು ಕರ್ನಾಟಕ ಸಂಗೀತಗಳೂ ಸೇರಿದ್ದವು; ಮದ್ರಾಸ್ ಮತ್ತು ಮುಂಬಯಿಯ ಐಐಟಿಗಳೂ ಅದರಲ್ಲಿ ಪಾಲ್ಗೊಂಡವು. ಆ ಯೋಜನೆ ತನ್ನ ದಾಖಲೆಗಳಿಗೆ ಮ್ಯೂಸಿಕ್‌ಬ್ರೈನ್ಜನ್ನೇ ಬಳಸಿತು. ಇಂದು ಅಲ್ಲಿ ರಾಗ, ತಾಳಗಳಿಗೆ ಪ್ರತ್ಯೇಕ ಖಾನೆಗಳಿವೆ.

ಲಿಪಿಯದು ಇನ್ನೊಂದು ಕಥೆ. ಕನ್ನಡ ಯೂನಿಕೋಡ್‌ಗೆ ಸೇರಿದ್ದು 1991ರ ಮೊದಲ ಆವೃತ್ತಿಯಲ್ಲೇ. ಮನೆಯ ಕಂಪ್ಯೂಟರುಗಳಲ್ಲಿ ಅದು ಸಲೀಸಾಗಿ ಕಾಣಿಸಿದ್ದು 2001ರಲ್ಲಿ ತುಂಗಾ ಫಾಂಟಿನೊಡನೆ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಅಲ್ಲಿಯವರೆಗೆ ಚಾಲ್ತಿಯಲ್ಲಿದ್ದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಪ್ಲೇಯರಿನಲ್ಲಿ ಅಂಥ ಹೆಸರು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು. ಯೂನಿಕೋಡ್ ಕನ್ನಡವನ್ನು ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಬರೆದರೆ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಬಾಲಸುಬ್ರಹ್ಮಣ್ಯಂ’ ಎಂಬ ಒಂದೇ ಪದದಲ್ಲಿ 15 ಸಂಕೇತಗಳಿವೆ, ಅಂದರೆ 45 ಬೈಟ್. ಹಳೆಯ ಚೀಟಿಯ 30ರಲ್ಲಿ ಅದು ಹಿಡಿಸುವಂತಿರಲಿಲ್ಲ. 2000ದ ಕೊನೆಯಲ್ಲಿ ಬಂದ ಐಡಿ3ಯ 2.4ನೆಯ ರೂಪ ಯುಟಿಎಫ್-8ನ್ನು ಒಪ್ಪಿತಾದರೂ ವಿಂಡೋಸ್ ಬಹುಕಾಲ ಹಿಂದಿನ 2.3ಕ್ಕೇ ಅಂಟಿಕೊಂಡಿತು. ಈ ಎಲ್ಲ ತೊಡಕುಗಳ ನಡುವೆ ಕನ್ನಡ ಹಾಡುಗಳ ಹೆಸರುಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಉಳಿದವು. ರಾಜ್‌ಕುಮಾರ್ ಅವರ ಹೆಸರನ್ನು ಒಬ್ಬರು ಕೂಡಿಸಿ, ಇನ್ನೊಬ್ಬರು ಬಿಡಿಸಿ, ಮತ್ತೊಬ್ಬರು ಮುಂದೆ ‘ಡಾ.’ ಸೇರಿಸಿ ಬರೆದರೆ ಕಂಪ್ಯೂಟರಿನ ಕಣ್ಣಿಗೆ ಮೂವರು ಗಾಯಕರು.

ಹಾರ್ಡ್‌ಡಿಸ್ಕ್ ಅಗ್ಗವಾದಂತೆ ಎಂಪಿ3 ಬಿಸಾಡುತ್ತಿದ್ದ ಭಾಗವೂ ಬೇಕೆನಿಸಿತು. ಜಾಶ್ ಕೋಲ್ಸನ್ 2001ರಲ್ಲಿ ಪೂರ್ಣಗೊಳಿಸಿದ ಫ್ಲ್ಯಾಕ್ ಎಂಬ ವಿಧಾನ ಒಂದು ಬಿಟ್ಟೂ ಕಳೆಯದೆ ಸಿಡಿಯ ಧ್ವನಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. 2007ರಲ್ಲಿ ಹಿಟಾಚಿ ಮೊದಲ 1 ಟೆರಾಬೈಟ್ ಡಿಸ್ಕ್ ಮಾರಿತು. 128 ಕಿಲೋಬಿಟ್ಟಿನ ಎಂಪಿ3 ತುಂಬಿದರೆ ಅದು ಹಗಲು ರಾತ್ರಿ ನಿಲ್ಲದೆ ಕೇಳಿದರೂ ಎರಡು ವರ್ಷಕ್ಕೆ ಸಾಲುವ ಸಂಗೀತ. ಜಾಗದ ಪ್ರಶ್ನೆ ಅಲ್ಲಿಗೆ ಮುಗಿಯಿತು, ಹೆಸರಿನ ಪ್ರಶ್ನೆ ಮುಗಿಯಲಿಲ್ಲ. ಅದಕ್ಕೆ ಧ್ವನಿಯಿಂದಲೇ ಹಾಡನ್ನು ಗುರುತಿಸುವ ತಂತ್ರಗಳು ನೆರವಾದವು. ಲುಕಾಶ್ ಲಾಲಿನ್‌ಸ್ಕಿಯ ಅಕೌಸ್ಟ್‌ಐಡಿ ಹಾಡಿನ ಧ್ವನಿಯಿಂದ ಒಂದು ಬೆರಳಚ್ಚು ತೆಗೆದು ಕೋಶದೊಡನೆ ಹೋಲಿಸುತ್ತದೆ. ಮ್ಯೂಸಿಕ್‌ಬ್ರೈನ್ಜಿನ ಪಿಕಾರ್ಡ್ ತಂತ್ರಾಂಶ ಅದನ್ನು ಬಳಸಿ ಹೆಸರಿಲ್ಲದ ಕಡತಗಳಿಗೆ ಹೆಸರು ತುಂಬುತ್ತದೆ. ಆದರೆ ಕೋಶದಲ್ಲಿ ಯಾರೋ ಮೊದಲು ಬರೆದಿಟ್ಟಿದ್ದರೆ ಮಾತ್ರ ಇದು ಸಾಧ್ಯ.

ಸಂಗ್ರಹ ಕಾಯುವ ಕೆಲಸಕ್ಕೂ ಒಂದು ನಿಯಮ ರೂಢಿಯಾಯಿತು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಮನೆಯಲ್ಲಿ ಬರೆದ ಸಿಡಿಗಳ ಬಣ್ಣದ ಪದರ ಕಾಲಾಂತರದಲ್ಲಿ ಮಾಸುತ್ತದೆ, ಹಾರ್ಡ್‌ಡಿಸ್ಕ್ ಮುನ್ಸೂಚನೆಯಿಲ್ಲದೆ ನಿಲ್ಲುತ್ತದೆ. ಈ ನಿಯಮ ಪಾಲಿಸದ ಸಂಗ್ರಹ ಎಷ್ಟೇ ದೊಡ್ಡದಾಗಿದ್ದರೂ ತಾತ್ಕಾಲಿಕ.

2008ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಸ್ಪಾಟಿಫೈ 2019ರಲ್ಲಿ ಭಾರತಕ್ಕೆ ಬಂದಿತು. ಆ ಹೊತ್ತಿಗೆ ಇಲ್ಲಿನ ಕೇಳುಗರಿಗೆ ಹಾಡನ್ನು ಇಟ್ಟುಕೊಳ್ಳದೆ ಕೇಳುವ ಅಭ್ಯಾಸ ಆಗಲೇ ಆಗಿತ್ತು. ಅದೇ 2019ರಲ್ಲಿ ಆಪಲ್ ತನ್ನ ಕಂಪ್ಯೂಟರುಗಳಿಂದ ಐಟ್ಯೂನ್ಸನ್ನು ಹಿಂತೆಗೆಯಿತು. ಎಂಪಿ3ಯ ಪೇಟೆಂಟ್ ಪರವಾನಗಿ 2017ರಲ್ಲೇ ಮುಗಿದಿತ್ತು. ಆದರೂ ಮನೆಯ ಸಂಗ್ರಹಗಳು ಅಳಿದಿಲ್ಲ. ಯಾವ ಕಂಪನಿಯೂ ಮತ್ತೆ ಹೊರತರದ ಕ್ಯಾಸೆಟ್ಟುಗಳು, ಖಾಸಗಿ ಬೈಠಕ್‌ಗಳ ಧ್ವನಿಮುದ್ರಣಗಳು, ಆಕಾಶವಾಣಿಯಿಂದ ಹಿಡಿದಿಟ್ಟ ಕಛೇರಿಗಳು ಇಂದಿಗೂ ಉಳಿದಿರುವುದು ಅಂಥ ಡಿಸ್ಕ್‌ಗಳಲ್ಲಿ. ಅವುಗಳ ಒಡೆಯರು ಕ್ಯಾಸೆಟ್ಟಿನ ಒಳಹಾಳೆ ಕೈಯಲ್ಲಿರುವಾಗಲೇ ಕವಿ, ಸಂಯೋಜಕ, ಪಕ್ಕವಾದ್ಯದವರು, ವರ್ಷ ಇವಿಷ್ಟನ್ನೂ ಕನ್ನಡ ಲಿಪಿಯಲ್ಲಿ ಚೀಟಿಗೆ ಬರೆಯಬೇಕು, ಬರೆದದ್ದನ್ನು ಮ್ಯೂಸಿಕ್‌ಬ್ರೈನ್ಜಿಗೂ ಸೇರಿಸಬೇಕು. ಅಲ್ಲಿ ಖಾತೆ ತೆರೆಯಲು ಹಣ ಕೊಡಬೇಕಿಲ್ಲ, ಕನ್ನಡ ಅಕ್ಷರಗಳಿಗೆ ಅಡ್ಡಿಯೂ ಇಲ್ಲ.