ನರಗುಂದ, ಕೊಪ್ಪಳಕ್ಕೆ ಬಂದಿದ್ದ ಹೈಲ್ಯಾಂಡ್ ಪಲ್ಟನ್: ಪದಕ, ಬಂದೂಕು, ಗುಂಡು ಗುರುತಿಸುವುದು ಹೇಗೆ?

ಹೊಳೆಮಣ್ಣೂರ: ಮಲಪ್ರಭೆಗೆ ನೆರೆ ಬಂದಾಗಲೆಲ್ಲ ದಂಡೆಯ ಊರುಗಳಲ್ಲಿ ಹಳೇ ಮನೆಗಳು ಬೀಳುತ್ತವೆ. 2009ರಲ್ಲೂ ಅದೇ ಆಯ್ತು, 2019ರಲ್ಲೂ ಅದೇ. ಮನೆ ಬಿದ್ದ ಮೇಲೆ ಅಟ್ಟದ ಮೇಲಿನ ಹಳೇ ಕಬ್ಬಿಣ, ತಾಮ್ರ, ಬೆಳ್ಳಿ ಸೇರುವುದು ಗುಜರಿ ಅಂಗಡಿಗೆ, ಇಲ್ಲವೇ ಅಕ್ಕಸಾಲಿಗರ ಮೂಸೆಗೆ. ಅಂಥ ಸಾಮಾನಿನಲ್ಲಿ ಈ ಭಾಗದ ಯುದ್ಧಗಳಿಗೆ ಸಾಕ್ಷಿಯಾದ ವಸ್ತು ಇದ್ದರೂ ಇರಬಹುದು. ತೂಕಕ್ಕೆ ಹಾಕುವ ಮೊದಲು ಒಮ್ಮೆ ನೋಡುವುದು ಒಳ್ಳೇದು.

ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಕಟ್ಟಿದ ಪಲ್ಟನ್‌ಗಳಿಗೆ ಹೈಲ್ಯಾಂಡ್ ಪಲ್ಟನ್ ಅಂತ ಹೆಸರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದವರಲ್ಲಿ 73 ಮತ್ತು 74ನೇ ಪಲ್ಟನ್‌ಗಳಿದ್ದವು. ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಕೂಡ ಹೈಲ್ಯಾಂಡ್ ಪಲ್ಟನ್‌ನಿಂದಲೇ ಬಂದವನು. 1780ರಲ್ಲಿ ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದು, ಅದೇ ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಸೆರೆಯಲ್ಲಿದ್ದ. ಮರುವರ್ಷ, 1800ರಲ್ಲಿ, ಧೋಂಡಿಯಾ ವಾಘನ ಬೆನ್ನು ಹತ್ತಿ ವೆಲ್ಲೆಸ್ಲಿಯ ದಂಡು ಡಂಬಳ ಕೋಟೆ ಹಿಡಿದು ಮಲಪ್ರಭೆಯ ಮುನವಳ್ಳಿ ಕಡೆಗೆ ಸಾಗಿತು. ಆ ದಂಡಿನಲ್ಲಿಯೂ 73ನೇ ಪಲ್ಟನ್ ಇತ್ತು.

74ನೇ ಪಲ್ಟನ್‌ಗೆ ಹೆಸರು ತಂದದ್ದು 1803ರ ಸೆಪ್ಟೆಂಬರ್ 23ರ ಅಸ್ಸಾಯೆ ಕಾಳಗ. ಆ ಊರು ಈಗ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಲ್ಲಿದೆ. ಮರಾಠರ ತೋಪಿನ ಬಾಯಿಗೆ ಸಿಕ್ಕು ಪಲ್ಟನ್ ಹೆಚ್ಚೂಕಡಿಮೆ ನುಚ್ಚುನೂರಾಯಿತು. ಅದಕ್ಕೆ ಕಂಪನಿ ಸರ್ಕಾರ ಎಲ್ಲ ಪಲ್ಟನ್‌ಗಳಿಗಿರುವ ಎರಡು ಧ್ವಜಗಳ ಜೊತೆ ಮೂರನೆಯದೊಂದನ್ನು ಕೊಟ್ಟಿತು. ಆನೆಯ ಲಾಂಛನವೂ ಬಂತು. 1881ರಲ್ಲಿ 71 ಮತ್ತು 74 ಕೂಡಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಆದ ಮೇಲೆ ಅದರ ಟೋಪಿ ಬಿಲ್ಲೆಯ ಮೇಲೆ ‘ಅಸ್ಸಾಯೆ’ ಅಕ್ಷರದ ಜೊತೆ ಆ ಆನೆ ನಿಂತಿತು. ಆನೆಯೇ ಇಲ್ಲದ ನಾಡಿನ ಸಿಪಾಯಿ ದಖ್ಖನಿನ ಆನೆ ಹೊತ್ತು ತಿರುಗಿದ.

ಇದೇ 74ನೇ ಪಲ್ಟನ್‌ನ ತುಕಡಿಗಳು 1858ರಲ್ಲಿ ಈ ಭಾಗಕ್ಕೆ ಬಂದವು. ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್‌ನ ತಲೆ ಉರುಳಿತು. ಜೂನ್ 1ಕ್ಕೆ ಕೊಪ್ಪಳ ಕೋಟೆಯಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಮಡಿದರು. ಮರುದಿನ ನರಗುಂದ ಬಿತ್ತು. ಜೂನ್ 12ರಂದು ಬಾಬಾಸಾಹೇಬರಿಗೆ ಬೆಳಗಾವಿಯಲ್ಲಿ ಗಲ್ಲು. ಆದರೆ ಪಲ್ಟನ್‌ನ ಧ್ವಜದ ಮೇಲೆ ಶ್ರೀರಂಗಪಟ್ಟಣ ಇದೆ, ಅಸ್ಸಾಯೆ ಇದೆ. ನರಗುಂದವೂ ಇಲ್ಲ, ಕೊಪ್ಪಳವೂ ಇಲ್ಲ. ಅವರ ಲೆಕ್ಕದಲ್ಲಿ ಇದು ಸಣ್ಣ ಕೆಲಸ.

ಪದಕಗಳಲ್ಲೂ ಅದೇ ಕಥೆ. 1857–58ರ ದಂಗೆಯ ಬೆಳ್ಳಿ ಪದಕದ ರಿಬ್ಬನ್‌ಗೆ ಸಿಗಿಸುವ ಪಟ್ಟಿಗಳು ಐದೇ: ದಿಲ್ಲಿ, ಲಖನೌ ಹೆಸರಿನವು ಮೂರು, ಮಧ್ಯ ಭಾರತ. ಈ ಕಡೆಯ ಕಾಳಗಕ್ಕೆ ಪಟ್ಟಿ ಇಲ್ಲ. ಹಾಗಾಗಿ ಪಟ್ಟಿ ಇಲ್ಲದ ಪದಕ ಅಂದರೆ ಮುರಿದದ್ದು, ಅರೆಬರೆಯದ್ದು ಅಂತ ಕರಗಿಸಬಾರದು. ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ಸಿಪಾಯಿಯ ಹೆಸರು, ಪಲ್ಟನ್ ಅಲ್ಲಿ ಒತ್ತಿರುತ್ತದೆ. ಶ್ರೀರಂಗಪಟ್ಟಣದ ಪದಕ ಬೇರೆ ಥರ. ಹುಲಿಯನ್ನು ಕೆಡವಿದ ಸಿಂಹದ ಚಿತ್ರ ಒಂದು ಕಡೆ, ಕೋಟೆಯ ದಾಳಿ ಇನ್ನೊಂದು ಕಡೆ. ದೊಡ್ಡವರಿಗೆ ಚಿನ್ನ, ಬೆಳ್ಳಿ. ಸಾದಾ ಸಿಪಾಯಿಗೆ ತವರ. ಅದಕ್ಕೇ ತವರ ಅಂತ ತಾತ್ಸಾರ ಮಾಡಬಾರದು.

ಬಂದೂಕಿನ ಗುರುತು ಕುದುರೆ ಇರುವ ಪಕ್ಕದ ತಗಡಿನ ಮೇಲಿರುತ್ತದೆ. ಹೃದಯದಾಕಾರದ ಮುದ್ರೆ ಇದ್ದರೆ ಕಂಪನಿಯ ಹಳೇ ಮಾಲು. ನಿಂತ ಸಿಂಹ ಇದ್ದರೆ ಕಂಪನಿಯದೇ, ಸ್ವಲ್ಪ ಈಚಿನದು. ಕಿರೀಟದ ಕೆಳಗೆ ‘ಜಿ.ಆರ್.’ ಇದ್ದರೆ ಜಾರ್ಜ್ ದೊರೆಗಳ ಕಾಲ, ‘ವಿ.ಆರ್.’ ಇದ್ದರೆ ರಾಣಿ ವಿಕ್ಟೋರಿಯಾ ಕಾಲ, ಅಂದರೆ 1837ರಿಂದ ಈಚೆ. ಆದರೆ ಇದೇ ಮುದ್ರೆಗಳನ್ನು ನಕಲಿಯವರೂ ಹೊಡೆಯುತ್ತಾರೆ. ರಾಮ, ಹನುಮಂತರ ಚಿತ್ರವಿರುವ ‘ಈಸ್ಟ್ ಇಂಡಿಯಾ ಕಂಪನಿ 1818’ ನಾಣ್ಯವಂತೂ ಶುದ್ಧ ಖೋಟಾ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ಅದಕ್ಕೆ ಲಕ್ಷ ಕೊಡ್ತೀನಿ ಅನ್ನುವವರನ್ನೂ, ಲಕ್ಷ ಕೇಳುವವರನ್ನೂ ಅಂಗಡಿಯಿಂದ ಆಚೆ ಇಡಬೇಕು.

ಕಬ್ಬಿಣದ ಗುಂಡು ಸಿಕ್ಕರೆ ಹುಷಾರು. ಗಟ್ಟಿ ಗುಂಡಿನಿಂದ ಅಪಾಯವಿಲ್ಲ. ತೂತು ಇರುವ ಪೊಳ್ಳು ಗುಂಡಿನೊಳಗೆ ಮದ್ದು ಉಳಿದಿರಬಹುದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೇ ಬಾವಿಯಲ್ಲಿ ಟಿಪ್ಪು ಕಾಲದ ಸಾವಿರದಷ್ಟು ಕಬ್ಬಿಣದ ರಾಕೆಟ್ ಸಿಕ್ಕಾಗ ಒಳಗೆ ಮದ್ದಿನ ಪುಡಿ ಇತ್ತು. ಸುತ್ತಿಗೆ, ವೆಲ್ಡಿಂಗ್, ಗ್ಯಾಸ್ ಕಟರ್ ಹತ್ತಿರವೂ ತರಬಾರದು. ಇದ್ದಲ್ಲೇ ಬಿಟ್ಟು ಪೊಲೀಸರಿಗೆ ಹೇಳಬೇಕು.

ಕಾಯ್ದೆ ಏನು ಹೇಳುತ್ತದೆ? ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯಂತೆ ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ನೆಲದಲ್ಲಿ ಹೂತದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ರಿಪೇರಿ ಮಾಡಿದರೂ ಹಾರದ ಹಳೇ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಹಾರುವಂಥದ್ದಿದ್ದರೆ, ಅದು ಮುತ್ತಜ್ಜನದೇ ಆದರೂ, ಪೊಲೀಸ್ ಠಾಣೆಯಲ್ಲಿ ಕೇಳಿಕೊಳ್ಳುವುದು ಬಿಟ್ಟು ಬೇರೆ ದಾರಿಯಿಲ್ಲ.

ಮನೆಯಲ್ಲೇ ಇಟ್ಟುಕೊಳ್ಳುವವರು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬಾರದು. ಅಂಚಿನ ಅಕ್ಷರ ಸವೆದುಹೋಗುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ, ಯಾವ ಮನೆಯಲ್ಲಿ, ಯಾವಾಗ ಸಿಕ್ಕಿತು ಅಂತ ಚೀಟಿ ಬರೆದು ಜೊತೆಗಿಟ್ಟರೆ ಸಾಕು.