ಗರಡಿಯಿಂದ ಬಲೆಯ ಬಿಡಾರಕ್ಕೆ

ಗೋಕಾಕ ಸೀಮೆಯ ಹೆಸರನ್ನೆತ್ತಿದೊಡನೆ ಘಟಪ್ರಭೆಯ ಜಲಪಾತವೂ, ಅದರ ನೀರಿನ ಬಲವನ್ನು ನೆಚ್ಚಿ 1885ರಲ್ಲಿ ಸ್ಥಾಪಿತವಾದ ಹತ್ತಿಯ ಗಿರಣಿಯೂ, ಕರದಂಟಿನ ಸವಿಯೂ ಹೇಗೆ ನೆನಪಿಗೆ ಬರುವುವೋ, ಹಾಗೆಯೇ ಆ ಸೀಮೆಯ ಕುಲಗೋಡವೆಂದೊಡನೆ ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಜನಪ್ರಿಯಗೊಳಿಸಿದ ತಮ್ಮಣ್ಣನ ಸ್ಮರಣೆ ಸಹಜವಾಗಿಯೇ ಮೂಡುತ್ತದೆ. ಪಾರಿಜಾತದ ಮೇಳವು ತನ್ನ ಸಾಮಗ್ರಿಯನ್ನು ತಾನೇ ಹೊತ್ತುಕೊಂಡು ಊರಿಂದೂರಿಗೆ ನಡೆಯಿತು. ಇಳಿದ ಊರಿನ ಬಯಲಿನಲ್ಲಿ ಅಟ್ಟ ಕಟ್ಟಿ, ಇರುಳೆಲ್ಲ ಆಡಿ, ಬೆಳಗಾದ ಮೇಲೆ ಬಿಚ್ಚಿಕೊಂಡು ಮುಂದಣ ಊರಿನ ದಾರಿ ಹಿಡಿಯಿತು. ಕಲೆಯು ಹೀಗೆ ಹಳ್ಳಿಯ ಬಾಗಿಲಿಗೆ ಬಂದ ಚರಿತ್ರೆಯನ್ನು ನಮ್ಮ ವಿದ್ವಾಂಸರು ಆದರದಿಂದ ಬರೆದಿದ್ದಾರೆ. ಕ್ರೀಡೆಯ ಅಭ್ಯಾಸಕ್ಕೆ ಬೇಕಾದ ಸಾಧನಗಳು ಹಳ್ಳಿಗೆ ನಡೆದು ಬಂದುದಕ್ಕೂ ಒಂದು ಚರಿತ್ರೆಯುಂಟು. ಅದು ನಮ್ಮ ಮಕ್ಕಳ ಭಾಗ್ಯಕ್ಕೆ ಸಂಬಂಧಿಸಿದುದಾದ ಕಾರಣ ಅದನ್ನೂ ಅಷ್ಟೇ ಆದರದಿಂದ ನೋಡಬೇಕಾಗಿದೆ.

ಈ ಸೀಮೆಯ ಹಳ್ಳಿಗಳಲ್ಲಿ ತಾರುಣ್ಯದ ಶಿಕ್ಷಣಕ್ಕೆ ಪೂರ್ವದಿಂದಲೂ ಇದ್ದ ಸ್ಥಾನ ಗರಡಿಮನೆ. ಜರಡಿ ಹಿಡಿದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿಣಗಳನ್ನು ಬೆರೆಸಿ ಹದಗೊಳಿಸಿದ ಆ ಅಖಾಡದಲ್ಲಿ, ಹನುಮಂತನ ಮೂರ್ತಿಗೆ ಕೈಮುಗಿದು, ವಸ್ತಾದನ ಕಣ್ಣೆದುರಿಗೆ ದಂಡ-ಬೈಠಕ್ ಹೊಡೆದು, ಲೋಡು ತಿರುವಿ, ಪಟ್ಟುಗಳನ್ನು ಕಲಿತ ಹುಡುಗನು ಜಾತ್ರೆಯ ಕಣಕ್ಕಿಳಿಯುವ ದಿನಕ್ಕಾಗಿ ವರ್ಷವಿಡೀ ಕಾಯುತ್ತಿದ್ದನು. ನೆರೆಯ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯವೂ, ಅಲ್ಲಿಯ ಖಾಸಬಾಗ ಮೈದಾನದ ಕೀರ್ತಿಯೂ ಈ ಗಡಿನಾಡಿನ ಪೈಲ್ವಾನರಿಗೆ ದೊಡ್ಡ ಆಕರ್ಷಣೆಯಾಗಿದ್ದುವು. ಗರಡಿಯು ಯಾರೊಬ್ಬರ ಸ್ವತ್ತೂ ಆಗಿರದೆ ಊರಿನ ಸ್ವತ್ತಾಗಿದ್ದಿತು. ಅದರ ಮಣ್ಣಿಗೂ ಎಣ್ಣೆಗೂ ಊರೇ ಹೊಣೆಯಾಗಿದ್ದಿತು. ಆದರೆ ಅದರ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲವೆಂಬುದನ್ನು ಅದರ ಗುಣಗಾನ ಮಾಡುವವರು ಮರೆಯಲಾಗದು.

ಬೆಳಗಾವಿಯ ದಂಡಿನೊಡನೆ ಈ ಪ್ರಾಂತಕ್ಕೆ ಬಂದ ಕ್ರಿಕೆಟ್ಟು ಬೇರೊಂದು ಬಗೆಯ ಭೂಮಿಯನ್ನು ಬೇಡಿತು. ಹಸಿರು ಹುಲ್ಲನ್ನು ಬೆಳೆಸಿ, ನೀರೆರೆದು, ಉರುಳುಗಲ್ಲು ಹಾಯಿಸಿ, ದಿನವೂ ಉಪಚರಿಸಬೇಕಾದ ಪಿಚ್ಚು ದಂಡಿನ ಸಾಹೇಬರಿಗೂ ಶಹರದ ಜಿಮಖಾನೆಗಳಿಗೂ ನಿಲುಕುವ ವಸ್ತುವಾಗಿದ್ದಿತೇ ಹೊರತು, ಬೇಸಿಗೆಯಲ್ಲಿ ಮೊಳದುದ್ದ ಬಿರುಕು ಬಿಟ್ಟು ಮಳೆಗಾಲದಲ್ಲಿ ಕಾಲಿಗಂಟುವ ಎರೆಮಣ್ಣಿನ ಹಳ್ಳಿಗೆ ನಿಲುಕುವಂತಿರಲಿಲ್ಲ. ಈ ಸಂಕಟಕ್ಕೆ ಪರಿಹಾರವಾಗಿ ಒದಗಿದುದು ನಾರಿನ ಚಾಪೆ, ಆಡುವವರ ಬಾಯಲ್ಲಿ ಮ್ಯಾಟು. ಸುಗ್ಗಿಗೆ ಮುನ್ನ ಒಕ್ಕಲಿಗನು ಕಣ ಮಾಡುವಂತೆ ನೆಲವನ್ನು ಸಮಗೊಳಿಸಿ, ನೀರು ಚಿಮುಕಿಸಿ, ಗಟ್ಟಿಯಾಗಿ ತುಳಿದು, ಅದರ ಮೇಲೆ ಮ್ಯಾಟನ್ನು ಹಾಸಿ, ಅಂಚುಗಳನ್ನು ಎಳೆದು ಕಬ್ಬಿಣದ ಗೂಟಗಳಿಂದ ಬಿಗಿದರೆ ಪಿಚ್ಚು ಸಿದ್ಧವಾಗುತ್ತಿದ್ದಿತು. ಆಟ ಮುಗಿದ ಬಳಿಕ ಸುರುಳಿ ಸುತ್ತಿ ಹೆಗಲಿಗೇರಿಸಿದರೆ ಅದೇ ಪಿಚ್ಚು ಮನೆಗೆ ನಡೆಯುತ್ತಿದ್ದಿತು. ಹುಲ್ಲಿಲ್ಲದ ಪಿಚ್ಚಿಗೆ ಕ್ರಿಕೆಟ್ಟಿನ ನಿಯಮಾವಳಿಯು ಕನಿಷ್ಠ 58 ಅಡಿ ಉದ್ದವನ್ನೂ 6 ಅಡಿ ಅಗಲವನ್ನೂ ವಿಧಿಸಿ ಅದಕ್ಕೆ ಮಾನ್ಯತೆಯನ್ನಿತ್ತಿದೆ.

ಮ್ಯಾಟಿನ ಸ್ವಭಾವವೇ ಬೇರೆ. ಅದನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಚೆಂಡು ಎದೆಯೆತ್ತರಕ್ಕೆ ಪುಟಿಯುವುದು; ಕೊಂಚ ಸಡಿಲಬಿಟ್ಟರೆ ನಾರು ಚೆಂಡನ್ನು ಹಿಡಿದು ತಿರುಗಿಸುವುದು. ಆದುದರಿಂದ ಮ್ಯಾಟಿನ ಮೇಲೆ ಬೆಳೆದ ದಾಂಡಿಗನಿಗೆ ಹಿಂಗಾಲಿನ ಆಟವೂ, ಕಟ್ ಮತ್ತು ಹುಕ್ ಹೊಡೆತಗಳೂ ಸಹಜವಾಗಿ ಒಲಿಯುತ್ತಿದ್ದುವು. ಸ್ಪಿನ್ ಬೌಲರನಿಗೆ ಪುಟಿತವನ್ನು ಅಸ್ತ್ರವಾಗಿ ಬಳಸುವ ವಿದ್ಯೆ ಸಿದ್ಧಿಸುತ್ತಿದ್ದಿತು. ಬೆಂಗಳೂರಿನ ಕ್ಲಬ್ಬುಗಳ ಪಂದ್ಯಗಳು ದೀರ್ಘಕಾಲ ಮ್ಯಾಟಿನ ಮೇಲೆಯೇ ನಡೆದುವು. ಪ್ರಸನ್ನ, ಚಂದ್ರಶೇಖರರಂತಹ ಮಹಾಸ್ಪಿನ್ನರರು ಬೆಳೆದುದು ಆ ಕಾಲದ ಮೈದಾನಗಳಲ್ಲಿ. ಟೆಸ್ಟ್ ಪಂದ್ಯಗಳಿಗೂ ಮ್ಯಾಟು ಅಪರಿಚಿತವಾಗಿರಲಿಲ್ಲ. 1959ರ ಡಿಸೆಂಬರ್ ತಿಂಗಳಿನಲ್ಲಿ ಕರಾಚಿಯಲ್ಲಿ ಪಾಕಿಸ್ತಾನವೂ ಆಸ್ಟ್ರೇಲಿಯವೂ ಮ್ಯಾಟಿನ ಮೇಲೆ ಆಡಿದುವು. ಅದೇ ತಿಂಗಳು ಕಾನ್ಪುರದಲ್ಲಿ ಹೊಸದಾಗಿ ಹಾಕಿದ ಹುಲ್ಲಿನ ಪಿಚ್ಚಿನ ಮೇಲೆ ಭಾರತದ ಜಸು ಪಟೇಲರು 14 ವಿಕೆಟ್ ಕಿತ್ತು ಅದೇ ಆಸ್ಟ್ರೇಲಿಯವನ್ನು ಮಣಿಸಿದರು. ಅಲ್ಲಿಂದೀಚೆಗೆ ದೊಡ್ಡ ಮೈದಾನಗಳು ಮ್ಯಾಟನ್ನು ಬಿಟ್ಟುವಾದರೂ ಶಾಲೆಯ ಅಂಗಳವೂ ಹಳ್ಳಿಯ ಬಯಲೂ ಅದನ್ನು ಬಿಡಲಿಲ್ಲ.

ಮ್ಯಾಟು ನೆಲವನ್ನು ಒದಗಿಸಿದರೆ ಬಲೆಯು ಕಾಲವನ್ನು ಒದಗಿಸಿತು. ತೆರೆದ ಬಯಲಿನಲ್ಲಿ ಒಬ್ಬನು ಬಾರಿಸಿದ ಚೆಂಡು ಜೋಳದ ಹೊಲಕ್ಕೆ ಬಿದ್ದರೆ ಹತ್ತು ಹುಡುಗರು ಅದನ್ನು ಹುಡುಕುತ್ತ ಹೊತ್ತು ಕಳೆಯುವರು. ಮೂರು ದಿಕ್ಕಿಗೆ ಬಲೆ ಕಟ್ಟಿದೊಡನೆ ಅದೇ ಹೊತ್ತಿನಲ್ಲಿ ಒಬ್ಬೊಬ್ಬನಿಗೂ ಹತ್ತಾರು ಚೆಂಡುಗಳನ್ನು ಎದುರಿಸುವ ಅವಕಾಶ ದೊರೆಯುವುದು. ಅಭ್ಯಾಸವನ್ನು ಶಾಸ್ತ್ರವನ್ನಾಗಿ ಮಾಡುವ ಹಂಬಲ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೊಳೆತಿದ್ದಿತು. 1845ರಲ್ಲಿ ಬ್ಯಾಟಿಂಗ್ ಕುರಿತು ಗ್ರಂಥವನ್ನು ಪ್ರಕಟಿಸಿದ ಫೆಲಿಕ್ಸ್ ಎಂಬ ಆಟಗಾರನು ಚೆಂಡೆಸೆಯುವ ಯಂತ್ರವೊಂದನ್ನೂ ರಚಿಸಿದ್ದನು. ಅಮೆರಿಕದಲ್ಲಿ ಬೇಸ್‌ಬಾಲ್ ಆಟಕ್ಕಾಗಿ ನ್ಯೂಜೆರ್ಸಿಯ ವೆಲಿಂಗ್ಟನ್ ಟೈಟಸ್ ಎಂಬವನು, ಬೇಕಾದೆಡೆಗೆ ಸಾಗಿಸಬಹುದಾದ ಬಲೆಯ ಪಂಜರವೊಂದನ್ನು ಕಲ್ಪಿಸಿ 1907ರಲ್ಲಿ ಪೇಟೆಂಟು ಪಡೆದನು. ಗೋಕಾಕದ ಗಿರಣಿ ಸ್ಥಾಪಿತವಾದ ಎರಡೇ ವರ್ಷಕ್ಕೆ, 1887ರಲ್ಲಿ, ಶಿಕಾಗೋ ನಗರದಲ್ಲಿ ಬಾಕ್ಸಿಂಗ್ ಕೈಗವಸನ್ನು ಚೆಂಡಾಗಿಯೂ ಪೊರಕೆಯ ಹಿಡಿಯನ್ನು ದಾಂಡಾಗಿಯೂ ಮಾಡಿಕೊಂಡು ಹುಟ್ಟಿದ ಸಾಫ್ಟ್‌ಬಾಲ್ ಆಟವು ಕ್ರಮೇಣ ಹೆಣ್ಣುಮಕ್ಕಳ ಆಟವಾಗಿ ಬೆಳೆದು, 1996ರಲ್ಲಿ ಒಲಿಂಪಿಕ್ಸನ್ನು ಪ್ರವೇಶಿಸಿತು; ಇಂದು ಆ ದೇಶದಲ್ಲಿ ಬಾಲಿಕೆಯರ ತಂಡಗಳೊಡನೆ ಕುಟುಂಬಗಳು ಊರೂರು ಸಂಚರಿಸುವಾಗ, ಮಡಚಬಹುದಾದ ಬಲೆಯ ಬಿಡಾರವೂ ಅವರೊಡನೆ ವಾಹನವೇರುತ್ತದೆ.

ಬಲೆಯನ್ನು ಕಟ್ಟುವುದರಲ್ಲಿಯೂ ಒಂದು ಹದವುಂಟು. ನಾಲ್ಕು ಕಂಬಗಳ ನಡುವೆ ಹಗ್ಗವನ್ನೆಷ್ಟು ಬಿಗಿದರೂ ಬಲೆಯನ್ನು ಮಾತ್ರ ಜೋಲುಬಿಡಬೇಕು. ಬಿಗಿದ ಬಲೆಯು ಚೆಂಡನ್ನು ಹಿಂದಕ್ಕೆಸೆದು ಹೊಡೆದವನಿಗೇ ಗಾಯ ಮಾಡೀತು, ಜೋಲುವ ಬಲೆಯಾದರೋ ಚೆಂಡಿನ ವೇಗವನ್ನೆಲ್ಲ ತನ್ನ ಮಡಿಕೆಗಳಲ್ಲಿ ಇಂಗಿಸಿಕೊಂಡು ಅದನ್ನು ಮೆಲ್ಲನೆ ನೆಲಕ್ಕಿಳಿಸುವುದು. ಕೆಳಗಿನ ಅಂಚನ್ನು ಒಂದು ಗೇಣಾದರೂ ನೆಲದ ಮೇಲೆ ಮಡಚಿ ಬಿಡದಿದ್ದರೆ ಚೆಂಡು ಸಂದಿಯಿಂದ ನುಸುಳುವುದು. ಹತ್ತಿಯ ನೂಲಿನಲ್ಲಿ ಹೆಣೆದ ಹಿಂದಿನ ಬಲೆಗಳು ಮಳೆಗೆ ನೆನೆದು ಭಾರವಾಗಿ ಬೇಗನೆ ಕೊಳೆಯುತ್ತಿದ್ದುವು. ನೈಲಾನಿನ ಬಲೆಗಳು ಬಂದ ಮೇಲೆ ಆ ಸಂಕಟವು ನೀಗಿ, ಒಬ್ಬನೇ ಎತ್ತಿಕೊಂಡು ಹೋಗುವಷ್ಟು ಹಗುರವೂ ದೊರೆಯಿತು.

ಸಾಧನವು ಊರಿಗೆ ಬಾರದಿದ್ದರೆ ಮಕ್ಕಳೇ ಊರು ಬಿಟ್ಟು ಅದರೆಡೆಗೆ ನಡೆಯಬೇಕಾಗುವುದು. ಗದಗಿನ ಸುನಿಲ ಜೋಶಿಯವರು ಬಾಲ್ಯದಲ್ಲಿ ಪ್ರತಿದಿನ ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಊರಿಗೆ ಮರಳುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಆ ಪರಿಶ್ರಮದ ಫಲವಾಗಿ ಅವರು 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ನಿತ್ತು 5 ವಿಕೆಟ್ ಪಡೆದರು. ವಿಜಯಪುರದ ರಾಜೇಶ್ವರಿ ಗಾಯಕವಾಡರು 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತುದನ್ನು ಉತ್ತರ ಕರ್ನಾಟಕದ ಯಾವ ತಾಯಿತಂದೆಯೂ ಮರೆಯಬಾರದು. ಅಂತಹ ಚೇತನಗಳು ದೂರವನ್ನು ಗೆದ್ದುವು. ದೂರಕ್ಕೆ ಸೋತು ಹಿಂದುಳಿದ ಮಕ್ಕಳ ಹೆಸರನ್ನಾದರೋ ಯಾವ ದಾಖಲೆಯೂ ಹೇಳುವುದಿಲ್ಲ.

ಮ್ಯಾಟಿನ ಮತ್ತು ಬಲೆಯ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ತತ್ತ್ವವು ಇದೇ: ಆಟವು ಹಳ್ಳಿಯಲ್ಲಿ ನೆಲೆಗೊಳ್ಳಲು ಭವ್ಯವಾದ ಕ್ರೀಡಾಂಗಣಕ್ಕಿಂತ ಮೊದಲು ಬೇಕಾದುದು ಹೊತ್ತೊಯ್ಯಬಹುದಾದ ಸಾಮಾನ್ಯ ಸಾಧನ. ನಮ್ಮ ಹಿರಿಯರು ಗರಡಿಯ ಮಣ್ಣಿಗೆ ಎಣ್ಣೆಯೆರೆಯುವುದನ್ನು ಊರಿನ ಧರ್ಮವೆಂದು ಭಾವಿಸಿದರು. ಕುಲಗೋಡದಂತಹ ಒಂದೊಂದು ಊರೂ ಒಂದು ಮ್ಯಾಟನ್ನೂ ಒಂದು ಬಲೆಯನ್ನೂ ಅದೇ ಧರ್ಮಬುದ್ಧಿಯಿಂದ ಶಾಲೆಯಲ್ಲಿ ಇರಿಸಿ, ನೆರೆಯ ಊರಿನ ಮಕ್ಕಳಿಗೂ ಸರದಿಯಂತೆ ಕೊಟ್ಟು, ಗರಡಿಯು ಹೊರಗಿರಿಸಿದ್ದ ಹೆಣ್ಣುಮಕ್ಕಳನ್ನು ಮೊದಲ ಸಾಲಿಗೆ ಕರೆದರೆ, ಪೂರ್ವಿಕರ ಸತ್ಸಂಪ್ರದಾಯವು ಉಳಿಯುವುದು, ಅದರ ಕೊರತೆಯೂ ತುಂಬುವುದು. ಇದಕ್ಕೆ ತಗಲುವ ವೆಚ್ಚವು ಜಾತ್ರೆಯ ವಂತಿಗೆಯಲ್ಲಿ ಒಂದು ಅಲ್ಪಾಂಶ; ಊರವರು ಮನಸ್ಸು ಮಾಡಿದರೆ ಈ ಸುಗ್ಗಿಯಲ್ಲಿಯೇ ಕೈಗೂಡಬಹುದಾದ ಕಾರ್ಯ.