ತಾಳೆಯ ಬಿಂದುಗಳು: ಒಂದು ಗಣಿತವಿಧಾನದ ಚರಿತ್ರೆ

ಸಮೀಕರಣವೆಂದೊಡನೆ ಹೈಸ್ಕೂಲಿನ ವಿದ್ಯಾರ್ಥಿಯ ಮನಸ್ಸಿಗೆ ಬರುವುದು ಒಂದು ಅಜ್ಞಾತ ಸಂಖ್ಯೆ. ಅದನ್ನು ಕಂಡುಹಿಡಿದರೆ ಅವನ ಕೆಲಸ ಮುಗಿಯಿತು. ಅವಕಲ ಸಮೀಕರಣದಲ್ಲಿಯೂ ಅನುಕಲ ಸಮೀಕರಣದಲ್ಲಿಯೂ ಅಜ್ಞಾತವಾಗಿರುವುದು ಒಂದು ಸಂಖ್ಯೆಯಲ್ಲ, ಒಂದು ಇಡಿಯ ವಕ್ರರೇಖೆ. ಅದರ ಮೇಲೆ ಲೆಕ್ಕವಿಲ್ಲದಷ್ಟು ಬಿಂದುಗಳಿವೆ. ಒಂದೊಂದರಲ್ಲಿಯೂ ಸಮೀಕರಣವು ಸರಿಹೊಂದಬೇಕು. ಪ್ರಕೃತಿಯು ನಮ್ಮ ಮುಂದಿಡುವ ಇಂತಹ ಸಮೀಕರಣಗಳಲ್ಲಿ ಬಹುಪಾಲಿಗೆ ನಿಷ್ಕೃಷ್ಟವಾದ ಉತ್ತರವನ್ನು ಸೂತ್ರರೂಪದಲ್ಲಿ ಬರೆಯಲು ಬರುವುದಿಲ್ಲ. ಆಗ ಗಣಿತಜ್ಞರು ಮಾಡುವ ಉಪಾಯವಿದು: ಕೆಲವು ಅಜ್ಞಾತ ಗುಣಾಂಕಗಳುಳ್ಳ ಒಂದು ಸರಳ ರೇಖಾರೂಪವನ್ನು ಊಹಿಸಿಕೊಂಡು, ಗುಣಾಂಕಗಳೆಷ್ಟೋ ಅಷ್ಟೇ ಬಿಂದುಗಳನ್ನು ಆರಿಸಿ, ಆ ಬಿಂದುಗಳಲ್ಲಿ ಮಾತ್ರ ಸಮೀಕರಣವು ತಪ್ಪದೆ ಹೊಂದಬೇಕೆಂದು ವಿಧಿಸುವುದು. ಇಂಗ್ಲಿಷಿನವರು ಇದನ್ನು ಕಲೊಕೇಶನ್ ಎನ್ನುತ್ತಾರೆ. ಹಿಂದೆ ಶಾನುಭೋಗರು ಕಡತದ ಪ್ರತಿಯೊಂದು ಸಾಲನ್ನೂ ಓದದೆ ಅಲ್ಲಲ್ಲಿ ಬೆರಳಿಟ್ಟು ಲೆಕ್ಕ ತಾಳೆ ನೋಡುತ್ತಿದ್ದರಲ್ಲವೆ? ಆದುದರಿಂದ ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳ ಮಟ್ಟಿಗೆ ಇದನ್ನು ತಾಳೆವಿಧಾನವೆಂದು ಕರೆಯೋಣ. ಸಂಸ್ಕೃತದಿಂದ ಹೊಸದೊಂದು ಪದವನ್ನು ಕಟ್ಟುವ ಶ್ರಮ ಇಲ್ಲಿ ಬೇಕಿಲ್ಲವೆಂದು ನಮ್ಮ ಅಭಿಪ್ರಾಯ.

ಬೆರಳನ್ನು ಎಲ್ಲಿ ಇಡಬೇಕು? ಈ ವಿಧಾನದ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಚರಿತ್ರೆಯೆಂದರೆ ಅತಿಶಯೋಕ್ತಿಯಾಗದು. ತರಗತಿಯ ಕರಿಹಲಗೆಯ ಮೇಲೆಯೇ ಮಾಡಿ ತೋರಿಸಬಹುದಾದ ಒಂದು ಲೆಕ್ಕವನ್ನು ಮೊದಲು ನೋಡೋಣ.

ಒಬ್ಬ ಸಾಹುಕಾರ ಒಂದು ರೂಪಾಯಿಯನ್ನು ನೂರಕ್ಕೆ ನೂರರ ವಾರ್ಷಿಕ ಬಡ್ಡಿಗೆ ಕೊಟ್ಟು, ಕ್ಷಣಕ್ಷಣಕ್ಕೂ ಚಕ್ರಬಡ್ಡಿ ಹಾಕುತ್ತಾನೆನ್ನಿ. ಸಾಲವು ಬೆಳೆಯುವ ವೇಗವು ಯಾವ ಕ್ಷಣದಲ್ಲಿಯೂ ಆಗಿನ ಸಾಲಕ್ಕೆ ಸಮ: ಇದೇ ಇಲ್ಲಿಯ ಅವಕಲ ಸಮೀಕರಣ. ವರ್ಷಾಂತ್ಯಕ್ಕೆ ಸಾಲ 2.718 ರೂಪಾಯಿ ಆಗುವುದೆಂದು ನಮಗೆ ಬೇರೆ ದಾರಿಯಿಂದ ಗೊತ್ತಿದೆ. ಗೊತ್ತಿಲ್ಲವೆಂದು ಭಾವಿಸಿ, ಕಾಲವನ್ನು ವರ್ಷದ ಮಾನದಲ್ಲಿ 'ಕ' ಎಂದು ಕರೆದು, ಸಾಲವು 1 + ಅಕ + ಬಕ² ಎಂಬ ರೂಪದ್ದೆಂದು ಊಹಿಸೋಣ. ಇದರ ಬೆಳವಣಿಗೆಯ ವೇಗ ಅ + 2ಬಕ. ಅ ಮತ್ತು ಬ ಎಂಬ ಎರಡು ಗುಣಾಂಕಗಳಿರುವುದರಿಂದ ಎರಡು ಕಡೆ ತಾಳೆ ನೋಡಬೇಕು. ವರ್ಷದ ಮೊದಲ ಕ್ಷಣದಲ್ಲಿಯೂ ಕೊನೆಯ ಕ್ಷಣದಲ್ಲಿಯೂ ನೋಡಿದರೆ ಅ = 1, ಬ = 1 ಎಂದು ಬಂದು ವರ್ಷಾಂತ್ಯದ ಸಾಲ 3 ರೂಪಾಯಿ ಆಗುತ್ತದೆ. ನಾಲ್ಕನೆಯ ಮತ್ತು ಎಂಟನೆಯ ತಿಂಗಳ ಕೊನೆಯಲ್ಲಿ ನೋಡಿದರೆ ಎರಡು ಗುಣಾಂಕಗಳೂ 9/11 ಆಗಿ, ಸಾಲ 2.636. ಇನ್ನು 0.2113 ಮತ್ತು 0.7887 ಎಂಬ ವಿಚಿತ್ರ ಸ್ಥಾನಗಳನ್ನು, ಎಂದರೆ ವರ್ಷದ ಸುಮಾರು 77ನೆಯ ಮತ್ತು 288ನೆಯ ದಿನಗಳನ್ನು, ಆರಿಸಿದರೆ ಗುಣಾಂಕಗಳೆರಡೂ 6/7 ಆಗಿ ಸಾಲ 19/7, ಎಂದರೆ 2.714 ಆಗುತ್ತದೆ. ಮೂರು ಸಲವೂ ಪಟ್ಟ ಶ್ರಮ ಒಂದೇ, ಊಹಿಸಿದ ರೂಪವೂ ಒಂದೇ. ಆದರೆ ಮೊದಲನೆಯ ಸಲ ತಪ್ಪು 28 ಪೈಸೆ. ಮೂರನೆಯ ಸಲ ಅರ್ಧ ಪೈಸೆಯೂ ಇಲ್ಲ. ತರಗತಿಗೆ ಬಂದ ಇನ್‌ಸ್ಪೆಕ್ಟರು ಎರಡೇ ಪ್ರಶ್ನೆ ಕೇಳಿ ಹುಡುಗನ ಯೋಗ್ಯತೆಯನ್ನು ಅಳೆಯಬಲ್ಲರೆಂದರೆ, ಅದು ಯಾವ ಎರಡು ಪ್ರಶ್ನೆಯೆಂಬುದರ ಮೇಲೆ ಹೋಗುತ್ತದೆ.

ಸಮೀಕರಣವನ್ನು ಬಿಡಿಸುವುದಕ್ಕಿಂತ ಮೊದಲೇ, ತಿಳಿದಿರುವ ರೇಖೆಯೊಂದಕ್ಕೆ ಸುಲಭವಾದ ಇನ್ನೊಂದನ್ನು ಕೆಲವು ಬಿಂದುಗಳಲ್ಲಿ ಹೊಂದಿಸುವ ಕಲೆ ಬೆಳೆದಿತ್ತು. ಏಳನೆಯ ಶತಮಾನದ ಮೊದಲನೆಯ ಭಾಸ್ಕರನು ತನ್ನ 'ಮಹಾಭಾಸ್ಕರೀಯ'ದಲ್ಲಿ ಜ್ಯಾಕೋಷ್ಟಕವಿಲ್ಲದೆಯೇ ಜ್ಯಾವನ್ನು ಪಡೆಯುವ ಸೂತ್ರವನ್ನು ಕೊಟ್ಟಿದ್ದಾನೆ. ಕೋನದ ಅಂಶಗಳನ್ನು 180ರಿಂದ ಕಳೆದು, ಶೇಷವನ್ನು ಆ ಅಂಶಗಳಿಂದಲೇ ಗುಣಿಸಬೇಕು. ಗುಣಲಬ್ಧದ ನಾಲ್ಕರಷ್ಟನ್ನು, 40500ರಿಂದ ಆ ಗುಣಲಬ್ಧವನ್ನು ಕಳೆದುಳಿದುದರಿಂದ ಭಾಗಿಸಬೇಕು. ಇದು 0, 30, 90, 150, 180 ಅಂಶಗಳಲ್ಲಿ ನಿಜವಾದ ಜ್ಯಾದೊಡನೆ ಸಂಪೂರ್ಣವಾಗಿ ತಾಳೆಯಾಗುತ್ತದೆ. 10 ಅಂಶಕ್ಕೆ 0.1753 ಎಂದು ಬರುತ್ತದೆ, ನಿಜವಾದುದು 0.1736. ಸೂತ್ರವು ಹೇಗೆ ಹುಟ್ಟಿತೆಂಬುದನ್ನು ಗ್ರಂಥದಲ್ಲಿ ಹೇಳಿಲ್ಲವಾದುದರಿಂದ ತಾಳೆವಿಧಾನವು ನಮ್ಮಲ್ಲಿಯೇ ಹುಟ್ಟಿತೆಂದು ಹೆಮ್ಮೆಪಡುವುದು ಯುಕ್ತವಲ್ಲ.

ಐರೋಪ್ಯರಲ್ಲಿ ನ್ಯೂಟನ್ನನು 1687ರ 'ಪ್ರಿನ್ಸಿಪಿಯಾ'ದಲ್ಲಿ ದತ್ತ ಬಿಂದುಗಳ ಮೂಲಕ ಹಾಯುವ ರೇಖೆಯನ್ನು ಎಳೆಯುವ ಕ್ರಮವನ್ನು ಕೊಟ್ಟನು. ಕ್ಷೇತ್ರಫಲ ತೆಗೆಯಲು ಅವನೂ ಕೋಟ್ಸನೂ ಸಮದೂರದ ಬಿಂದುಗಳನ್ನೇ ಹಿಡಿದರು. ನಾವು ಇಂದಿಗೂ ಶಾಲೆಯಲ್ಲಿ ಕಲಿಸುವುದು ಅದನ್ನೇ. 1814ರಲ್ಲಿ ಗೌಸನು ಬೇರೆ ರೀತಿಯಾಗಿ ಯೋಚಿಸಿದನು: ಬಿಂದುಗಳ ಸ್ಥಾನವನ್ನೂ ನಾವೇ ಆರಿಸಬಹುದಾದರೆ? ಎರಡು ತುದಿಗಳಲ್ಲಿ ಅಳೆದ ಕ್ಷೇತ್ರಫಲವು ಸರಳರೇಖೆಗೆ ಮಾತ್ರ ನಿಷ್ಕೃಷ್ಟ. ಗೌಸನು ಆರಿಸಿದ ಎರಡು ಬಿಂದುಗಳಲ್ಲಿ ಅಳೆದರೆ ಮೂರನೆಯ ಘಾತದ ರೇಖೆಯವರೆಗೂ ನಿಷ್ಕೃಷ್ಟ. ನಮ್ಮ ಸಾಹುಕಾರನ 77ನೆಯ ಮತ್ತು 288ನೆಯ ದಿನಗಳು ಈ ಗೌಸನ ಬಿಂದುಗಳೇ.

ಸಮದೂರದ ಬಿಂದುಗಳಾದರೂ ಸಂಖ್ಯೆಯನ್ನು ಹೆಚ್ಚಿಸಿದರೆ ಸರಿಹೋದೀತೆಂಬ ನಂಬಿಕೆ ಉಪಾಧ್ಯಾಯರಲ್ಲಿಯೂ ಇದೆ. ಆ ನಂಬಿಕೆಯನ್ನು 1901ರಲ್ಲಿ ಜರ್ಮನಿಯ ಕಾರ್ಲ್ ರುಂಗೆ ಮುರಿದನು. ನಡುವೆ ಗೋಪುರದಂತೆ ಎದ್ದು ಇಕ್ಕೆಲಗಳಲ್ಲಿಯೂ ಇಳಿಯುವ ಒಂದು ನಿರುಪದ್ರವಿ ರೇಖೆಯನ್ನು ತೆಗೆದುಕೊಂಡು, ಸಮದೂರದ ಬಿಂದುಗಳನ್ನು ಹೆಚ್ಚಿಸುತ್ತ ಹೋದ ಹಾಗೆಲ್ಲ ಊಹೆಯ ರೇಖೆಯು ತುದಿಗಳಲ್ಲಿ ಮತ್ತಷ್ಟು ಹುಚ್ಚಾಗಿ ಕುಣಿಯುವುದೆಂದು ತೋರಿಸಿಕೊಟ್ಟನು. ಇದಕ್ಕೆ ಪರಿಹಾರವು ರಷ್ಯದ ಚೆಬಿಷೇವನಲ್ಲಿ ಆಗಲೇ ಇತ್ತು. 1854ರಲ್ಲಿ ಅವನು ಹಬೆಯಂತ್ರದ ಸನ್ನೆಗಳ ಚಲನೆಯನ್ನು ವಿಚಾರಿಸುತ್ತ ಒಂದು ಬಗೆಯ ಬಹುಪದಿಗಳನ್ನು ಕಂಡುಕೊಂಡಿದ್ದನು. ಅವುಗಳ ಮೂಲಗಳನ್ನು ಕೈವಾರದಿಂದಲೇ ಪಡೆಯಬಹುದು: ಅರ್ಧವೃತ್ತವನ್ನು ಬರೆದು, ಕಂಸವನ್ನು ಸಮಭಾಗ ಮಾಡಿ, ಪ್ರತಿ ಭಾಗದ ಮಧ್ಯದಿಂದ ವ್ಯಾಸಕ್ಕೆ ಲಂಬ ಇಳಿಸಿದರಾಯಿತು. ಲಂಬಗಳು ತುದಿಗಳಲ್ಲಿ ಒತ್ತಾಗಿಯೂ ನಡುವೆ ವಿರಳವಾಗಿಯೂ ಬೀಳುತ್ತವೆ. ಎಲ್ಲಿ ರೇಖೆ ಕುಣಿಯಲು ಹವಣಿಸುವುದೋ ಅಲ್ಲಿ ಕಾವಲು ಹೆಚ್ಚು.

ಅನುಕಲ ಸಮೀಕರಣದ ಕಥೆ ಸ್ವೀಡನ್ನಿನಲ್ಲಿ ತೊಡಗುತ್ತದೆ. ಇಲ್ಲಿ ಒಂದೆಡೆಯ ಬೆಲೆಯು ಉಳಿದೆಲ್ಲ ಎಡೆಗಳ ಬೆಲೆಗಳನ್ನು ಅವಲಂಬಿಸಿರುತ್ತದೆ. ಫ್ರೆಡ್‌ಹೋಮನು 1900 ಮತ್ತು 1903ರ ಲೇಖನಗಳಲ್ಲಿ, ಅನುಕಲವನ್ನು ಕೆಲವು ಬಿಂದುಗಳ ಮೊತ್ತವೆಂದು ಭಾವಿಸಿ, ಬಿಂದುಗಳಷ್ಟೇ ಸರಳ ಸಮೀಕರಣಗಳನ್ನು ಪಡೆದು, ಬಿಂದುಗಳ ಸಂಖ್ಯೆಯನ್ನು ಅನಂತಕ್ಕೆ ಒಯ್ದು ತನ್ನ ಸಿದ್ಧಾಂತವನ್ನು ಕಟ್ಟಿದನು. 1930ರಲ್ಲಿ ಫಿನ್ಲೆಂಡಿನ ನಿಸ್ಟ್ರೋಮನು ಅನಂತಕ್ಕೆ ಹೋಗದೆ ನಡುವೆಯೇ ನಿಂತನು: ಕೆಲವೇ ಬಿಂದುಗಳನ್ನು ಇಟ್ಟುಕೊಂಡು ಅಂಕಿಗಳಿಂದ ಉತ್ತರ ತೆಗೆದನು.

ತಾಳೆವಿಧಾನವು ತನ್ನ ಪೂರ್ಣರೂಪವನ್ನು ಪಡೆದುದು ಆ ದಶಕದಲ್ಲಿಯೇ. ಲೆನಿನ್‌ಗ್ರಾಡಿನ ಕಂಟೊರೊವಿಚ್ 1934ರಲ್ಲಿ ಇದನ್ನು ಬರೆದನು. 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವನು ಈತನೇ. 1937ರಲ್ಲಿ ಇಂಗ್ಲೆಂಡಿನ ಫ್ರೇಜರ್, ಜೋನ್ಸ್ ಮತ್ತು ಸ್ಕಾನ್ ಎಂಬ ಮೂವರು ವಿಮಾನಶಾಸ್ತ್ರದ ವರದಿಯೊಂದರಲ್ಲಿ ಇದನ್ನು ವಿವರಿಸಿದರು. ಫ್ರೇಜರನು ಟೆಡಿಂಗ್ಟನ್ನಿನ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದ್ದು, ಹಾರುತ್ತಿರುವಾಗ ರೆಕ್ಕೆಗಳು ತಾವಾಗಿಯೇ ನಡುಗತೊಡಗಿ ವಿಮಾನವನ್ನೇ ಮುರಿಯುವ ಉಪದ್ರವವನ್ನು ಕುರಿತು ಡಂಕನ್ನನೊಡನೆ 1928ರಲ್ಲಿಯೇ ಬರೆದಿದ್ದವನು. ಅಲ್ಲಿ ಉತ್ತರವು ಸುಂದರವಾಗಿರಬೇಕೆಂಬ ಹಟವಿಲ್ಲ, ಕೈಯಿಂದ ತಿರುಗಿಸುವ ಲೆಕ್ಕಯಂತ್ರದಲ್ಲಿ ಬೇಗ ದೊರೆಯಬೇಕು, ಅಷ್ಟೆ. ಮರುವರ್ಷ, 1938ರಲ್ಲಿ, ಒಂದು ಕಾಲಕ್ಕೆ ಐನ್‌ಸ್ಟೈನನ ಸಹಾಯಕನಾಗಿದ್ದ ಹಂಗೇರಿಯ ಲಾಂಕ್ಜೋಸನು ಅಮೆರಿಕದಿಂದ ಪ್ರಕಟಿಸಿದ ಲೇಖನದಲ್ಲಿ ಚೆಬಿಷೇವನ ಬಿಂದುಗಳನ್ನು ಈ ವಿಧಾನದೊಳಕ್ಕೆ ತಂದನು. ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ಮುಖ್ಯ ತಿರುವು ಇದೇ. ಅಲ್ಲಿಯವರೆಗೆ ಬಿಂದುಗಳ ಆಯ್ಕೆಯು ಲೆಕ್ಕಿಗನ ಅಭಿರುಚಿಗೆ ಬಿಟ್ಟ ವಿಷಯವಾಗಿತ್ತು. ಇಲ್ಲಿಂದ ಮುಂದೆ ಅದು ಶಾಸ್ತ್ರವಾಯಿತು.

ಗಣಕಯಂತ್ರಗಳು ಬಂದ ಬಳಿಕ ಕೆಲಸವು ವೇಗಗೊಂಡಿತು. 1967ರಲ್ಲಿ ವಿಲಾಡ್ಸೆನ್ ಮತ್ತು ಸ್ಟುವರ್ಟ್ ಎಂಬವರು ರಾಸಾಯನಿಕ ಎಂಜಿನಿಯರಿಂಗಿನ ಸಮೀಕರಣಗಳಿಗೆ ಗೌಸನ ಬಗೆಯ ಬಿಂದುಗಳನ್ನು ಅನ್ವಯಿಸಿದರು. 1973ರಲ್ಲಿ ಡಿ ಬೋರ್ ಮತ್ತು ಸ್ವಾರ್ಟ್ಸ್, ಉದ್ದವಾದ ರೇಖೆಯನ್ನು ತುಂಡುತುಂಡಾಗಿ ಮಾಡಿ ಒಂದೊಂದು ತುಂಡಿನಲ್ಲಿಯೂ ಗೌಸನ ಬಿಂದುಗಳನ್ನಿಟ್ಟರೆ, ತುಂಡುಗಳು ಸೇರುವ ಗಂಟುಗಳಲ್ಲಿ ಉತ್ತರವು ನಡುವಿಗಿಂತ ಬಹಳ ಹೆಚ್ಚು ಶುದ್ಧವಾಗಿರುವುದೆಂದು ಸಾಧಿಸಿದರು. ನಮ್ಮ ಸಾಲದ ಲೆಕ್ಕದಲ್ಲಿಯೂ ಇದು ಕಾಣುತ್ತದೆ: ಮೂರು ತಿಂಗಳ ಕೊನೆಯಲ್ಲಿ ತಪ್ಪು 0.016, ವರ್ಷದ ತುದಿಯಲ್ಲಿ ಕೇವಲ 0.004.

2006ರ ನವೆಂಬರ್ 5ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು, ಇಂಧನವನ್ನು ಸ್ವಲ್ಪವೂ ಉರಿಸದೆ, ಅದರೊಳಗಿನ ತಿರುಗುಚಕ್ರಗಳ ಬಲದಿಂದಲೇ 90 ಅಂಶ ತಿರುಗಿಸಲಾಯಿತು; 2007ರ ಮಾರ್ಚ್ 3ರಂದು 180 ಅಂಶ. ತಿರುಗುವ ಹಾದಿಯನ್ನು ಮುಂಚಿತವಾಗಿ ಗಣಿಸಿದುದು ತಾಳೆವಿಧಾನದ ಒಂದು ಪ್ರಭೇದದಿಂದಲೇ. ಆ ಲೆಕ್ಕದ ಬಿಂದುಗಳೂ ಸಮದೂರದಲ್ಲಿ ಇರಲಿಲ್ಲ. ತಿರುವಿನ ಮೊದಲಲ್ಲಿಯೂ ಕೊನೆಯಲ್ಲಿಯೂ ಒತ್ತಾಗಿ, ನಡುವೆ ವಿರಳವಾಗಿ ಇದ್ದವು.